ಹದಿಮೂರನೆಯ ದೋಷ

ಈ ಕಥೆಯಲ್ಲಿ ಎಳ್ಳಷ್ಟೂ ಸುಳ್ಳಿಲ್ಲ. ಎಲ್ಲಾದರೂ ಉಪ್ಪುಖಾರ ಹಚ್ಚಿದಂತೆ ಕಂಡರೆ ಅದು ಭಾವನ ಕೈವಾಡ.

ಭಾವ, ಅಂದರೆ ಅಕ್ಕನ ಗಂಡ, ಅಣಕಿಸುವುದರಲ್ಲಿ ಎತ್ತಿದ ಕೈ. ಹಲ್ಲಿನ ಡಾಕ್ಟರು, ಬಸ್ ಕಂಡಕ್ಟರು, ಕೆಟ್ಟ ಫ್ಯಾನು, ಯಾರ ದನಿಯೂ ಅವರ ಗಂಟಲಲ್ಲಿ ಬಾಡಿಗೆಗಿರುತ್ತಿತ್ತು. ಪಾರ್ಶ್ವವಾಯು ಬಡಿದದ್ದೇ ತಡ, ಬಾಡಿಗೆದಾರರೆಲ್ಲ ಖಾಲಿ ಮಾಡಿದರು. ಉಳಿದದ್ದು ಬಲ ಮಣಿಕಟ್ಟಿನ ಒಂದಿಷ್ಟು ಅಲುಗಾಟ. "ನಾವಾಡಿದ್ದು ಅವರಿಗೆ ಅರ್ಥ ಆಗ್ತಿದೆಯೋ ಇಲ್ವೋ ಹೇಳೋಕಾಗಲ್ಲ," ಎಂದರು ಡಾಕ್ಟರು. ಅಂದಿನಿಂದ ಅಕ್ಕ ಅವರೊಡನೆ ಮಾತಾಡುವುದನ್ನೇ ಬಿಟ್ಟಳು.

ಕಂಪ್ಯೂಟರ್ ಕಲಿತ ತಂಗಿಗೆ ಇದನ್ನು ನೋಡಲಾಗಲಿಲ್ಲ. ಪರದೆಯ ಮೇಲೇ ಕೀಲಿಮಣೆ ಮೂಡಿಸಿ, ಮೌಸ್ ಒತ್ತಿದರೆ ಅಕ್ಷರ ಬೀಳುವ ಪ್ರೋಗ್ರಾಂ ಬರೆಯಲು ಭಾವನ ಮಂಚದ ಪಕ್ಕದಲ್ಲೇ ಕೂತಳು. ಆದರೆ ಕೀಲಿ ಒತ್ತಿದೊಡನೆ ಕಂಪ್ಯೂಟರು ಅಕ್ಷರ ಬೀಳಬೇಕಾದ ಹಾಳೆಯನ್ನು ಮರೆತು ಕೀಲಿಮಣೆಯತ್ತ ತಿರುಗುತ್ತಿತ್ತು. ಅಕ್ಷರ ಎಲ್ಲಿಗೂ ಬೀಳುತ್ತಿರಲಿಲ್ಲ. ಅದು ಸರಿಹೋಯಿತು ಅನ್ನುವಾಗ ಒತ್ತಕ್ಷರ ಕೈಕೊಟ್ಟಿತು. ತಪ್ಪಾದರೆ ತೋರಿಸಲೆಂದು ಅವಳೇ ಹನ್ನೆರಡು ಸೂಚನೆ ಬರೆದಿಟ್ಟಿದ್ದಳು: 'ದೋಷ ೪: ಅಕ್ಷರ ಸೇರಲಿಲ್ಲ. ಮತ್ತೆ ಪ್ರಯತ್ನಿಸಿ.' ಮೂರು ವಾರ ಹನ್ನೆರಡೂ ಸರದಿಯ ಮೇಲೆ ಬಂದು ಹಲ್ಲು ಕಿರಿದವು. ಭಾವ ಎವೆಯಿಕ್ಕದೆ ನೋಡುತ್ತಿದ್ದರು.

ಕೊನೆಗೊಂದು ಬೆಳಿಗ್ಗೆ ಮೌಸನ್ನು ಅವರ ಅಂಗೈಗೆ ಸೇರಿಸಿದಳು. "ಏನಾದ್ರೂ ಬರೀರಿ ಭಾವ."

ಕೈ ನಡುಗಿತು. ಪರದೆ ತುಂಬ 'ಸಸಸಸಸಶಶಶ'.

"ಸಾಕು ಬಿಡೇ," ಎಂದಳು ಬಾಗಿಲಲ್ಲಿ ನಿಂತಿದ್ದ ಅಕ್ಕ. "ಯಾಕೆ ಜೀವ ತೇಯ್ತೀಯ? ಒಳಗೆ ಯಾರೂ ಇಲ್ಲ ಕಣೇ."

ತಂಗಿ ಮತ್ತೆ ಪ್ರೋಗ್ರಾಂ ತೆರೆದಳು. ಮೌಸಿನ ಬಾಣ ಒಂದೇ ಕೀಲಿಯ ಮೇಲೆ ಎರಡು ಸೆಕೆಂಡು ನಿಂತರಷ್ಟೇ ಅಕ್ಷರ ಬೀಳುವಂತೆ ಬದಲಿಸಿದಳು. ಬದಲಿಸುವಾಗ ಕಣ್ಣೀರು ಮೇಜಿಗೆ ತೊಟ್ಟಿಕ್ಕುತ್ತಿತ್ತು. ಇನ್ನೊಮ್ಮೆ ಪರೀಕ್ಷಿಸಲು ಧೈರ್ಯ ಸಾಲಲಿಲ್ಲ. ಮೌಸನ್ನು ಅವರ ಕೈಯಲ್ಲೇ ಬಿಟ್ಟು, ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತಳು.

ಒಂದು ಗಂಟೆ ಬಿಟ್ಟು ಬಂದರೆ ಪರದೆಯಲ್ಲಿ ಹೊಸ ಸಾಲು:

'ದೋಷ ೧೩: ಕೀಲಿಮಣೆ ಒದ್ದೆಯಾಗಿದೆ. ಒರೆಸಿ ಮತ್ತೆ ಪ್ರಯತ್ನಿಸಿ.'

"ಅಯ್ಯೋ ಗ್ರಹಚಾರವೇ, ಇದೊಂದು ಬಾಕಿ ಇತ್ತು!" ಬಟ್ಟೆ ಹುಡುಕಿ ತಂದು ಪರದೆಯನ್ನು ತಿಕ್ಕತೊಡಗಿದಳು. ಕೀಲಿಗಳ ಸಾಲು ಸಾಲನ್ನೇ ಒರೆಸಿದಳು. ಬಟ್ಟೆಯ ಅಡಿಯಿಂದ ಬಾಣ ನುಸುಳಿ ಹೊರಟಿತು. ಒಂದು ಕೀಲಿಯ ಮೇಲೆ ನಿಂತಿತು. ಇನ್ನೊಂದರ ಮೇಲೆ ನಿಂತಿತು.

'ಮೂಲೆ ಬಿಟ್ಟೆ ಕಣೇ.'

ತಂಗಿಯ ಕೈ ನಿಂತುಹೋಯಿತು. ತಾನು ಬರೆದದ್ದು ಹನ್ನೆರಡೇ ದೋಷ. ಅದೂ ಅಲ್ಲದೆ, ಪರದೆಯ ಮೇಲಿನ ಚಿತ್ರ ಒದ್ದೆಯಾಗುವುದು ಹೇಗೆ?

"ಅಕ್ಕಾ! ಬೇಗ ಬಾ!"

ಓಡಿಬಂದ ಅಕ್ಕ ಓದಿದಳು. ಅದು ಅವಳದೇ ಮಾತು. ತಂಗಿ ಕಸ ಗುಡಿಸುವಾಗ ಅವಳ ಬೆನ್ನ ಹಿಂದೆ ನಿಂತು ದಿನಾ ಹೇಳುವುದು. ಮಂಚದ ಅಂಚಿಗೆ ಕುಸಿದು, "ಇಲ್ಲೇ ಇದ್ರೇನ್ರೀ?" ಎಂದಳು, ಅಳುವೋ ನಗುವೋ ಗೊತ್ತಾಗದಂತೆ. ಇಷ್ಟು ದಿನ ಅಲುಗದಿದ್ದ ಭಾವನ ತುಟಿಯ ಒಂದು ಕೊನೆ ತುಸು ಮೇಲೆದ್ದಿತು.

ಬೀದಿಗೆ ಕೇಳುವಂತೆ ನಕ್ಕವಳು ಮಾತ್ರ ತಂಗಿ, ಒರೆಸುವ ಬಟ್ಟೆ ಇನ್ನೂ ಕೈಯಲ್ಲೇ ಇತ್ತು.