ಎರಡೆರಡು ಮಾಮೂಲಿ ಅಕ್ಷರ

ಸಾಗರದ ಡಾಕ್ಟರ್ ಮುಕುಂದಯ್ಯನವರ ಕ್ಲಿನಿಕ್ಕಿನಲ್ಲಿ ಕಾಂಪೌಂಡರ್ ವಾಸಪ್ಪನಿಗಿದ್ದ ಮರ್ಯಾದೆಯೆಲ್ಲ ಅವನು ಬಾಯಿ ಬಿಗಿಹಿಡಿದದ್ದರಿಂದ ಬಂದದ್ದು. ಹೆಣ್ಣನ್ನು ಒಪ್ಪುವ ಮುಂಚೆ ಗಂಡಿನ ಕಡೆಯವರು ಹೊಸನಗರದಿಂದಲೂ ಬಸ್ಸು ಹತ್ತಿ ಬಂದು, ಹುಡುಗಿಗೆ ಫಿಟ್ಸ್ ಗಿಟ್ಸ್ ಉಂಟಾ ಎಂದು ಅವನನ್ನು ಗುಟ್ಟಾಗಿ ಕೇಳುತ್ತಿದ್ದರು. ಹದಿನೆಂಟು ವರ್ಷ ಅವನು ತುಟಿಪಿಟಕ್ಕೆನ್ನಲಿಲ್ಲ. ರಿಜಿಸ್ಟರಿನಲ್ಲೂ ಕಾಯಿಲೆಗಳನ್ನು ತನ್ನದೇ ಗುರುತುಗಳಲ್ಲಿ ಬರೆಯುತ್ತಿದ್ದ. ಮೊದಲು ಸುರುಳಿ, ತ್ರಿಶೂಲದಂಥ ಚಿತ್ರ ಬಳಸಿದ್ದ. ಪ್ರತಿ ತೆಗೆಯಲು ಕೊಟ್ಟರೆ ಟೈಪಿಸ್ಟು ತನ್ನ ಮೆಷಿನ್ನಿನಲ್ಲಿ ಇಲ್ಲದ್ದನ್ನೆಲ್ಲ ಬಿಟ್ಟುಬಿಟ್ಟ. ಆಮೇಲೆ ಒಂದೊಂದು ಗುರುತಿಗೂ ಎರಡೆರಡು ಮಾಮೂಲಿ ಅಕ್ಷರ ಗೊತ್ತುಮಾಡಿಕೊಂಡ. ಜಾಗ ಇಮ್ಮಡಿ ಹಿಡಿಯಿತು, ಆದರೆ ಒಂದೂ ಕಳೆಯಲಿಲ್ಲ.

೧೯೮೮ರಲ್ಲಿ ಕಂಪ್ಯೂಟರ್ ಬಂತು, ಅದರ ಜೊತೆ ಅದನ್ನು ನಡೆಸಲು ಅರಳಸುರಳಿಯ ಮಂಗಳಗೌರಿಯೂ ಬಂದಳು. ಕಾಯಿಲೆಯ ಹೆಸರನ್ನು ಯಾರಿಗೂ ತಿಳಿಯದಂತೆ ತಿರುಚಿಡುವ ಪ್ರೋಗ್ರಾಂ ಅವಳೇ ಬರೆದಳು. ರಿಜಿಸ್ಟರ್ ನಿಂತಿತು. ಡಾಕ್ಟರು ಬಂದವರೆದುರೆಲ್ಲ ಅವಳನ್ನು ಹೊಗಳುವಾಗ ವಾಸಪ್ಪನಿಗೆ ಹೊಟ್ಟೆ ಉರಿಯುತ್ತಿತ್ತು. ನಿನ್ನೆ ಮೊನ್ನೆ ಬಂದವಳು, ಅವಳಿಗೆ ಒಂದು ಫ್ಯಾನು ಬೇರೆ.

ಒಂದು ದಿನ ಅವಳ ಬೆನ್ನ ಹಿಂದೆ ನಿಂತು ನೋಡಿದ. ತಿರುಚಿದ ಹೆಸರು ಪರದೆಯ ಮೇಲೆ ನಗುಮುಖ, ಇಸ್ಪೀಟಿನ ಆಟೀನು, ಕೊನೆಗೆ ಖಾಲಿ ಜಾಗವಾಗಿ ಕಂಡಿತು. ಅದನ್ನು ಅವಳು ಕಂಪ್ಯೂಟರಿನಲ್ಲಿ ಬರಿ ಮಾಮೂಲಿ ಅಕ್ಷರ ತುಂಬುವ ಖಾನೆಗೆ ಹಾಕುತ್ತಿದ್ದಳು. ಅವನಿಗೆ ಹಳೆಯ ಟೈಪಿಸ್ಟು ನೆನಪಾದ. ಇದೂ ಉಳಿಯುವುದಿಲ್ಲ ಎಂದು ಖಾತ್ರಿಯಾಯಿತು.

"ಸರಿ ಉಂಟಾ ವಾಸಪ್ಪಣ್ಣ?" ಎಂದು ಅವಳು ಕೇಳಿದಳು.

ಬಹಳ ಚೆನ್ನಾಗಿದೆ ಎಂದ.

ಮೂರು ತಿಂಗಳ ಮೇಲೆ ತೆರೆದು ನೋಡಿದರೆ ಅರ್ಧಕ್ಕರ್ಧ ರೋಗಿಗಳ ಹೆಸರಿನ ಮುಂದೆ ಬರಿ ಕಸ. ಖಾನೆ ತನಗೆ ಒಗ್ಗದ ಗುರುತುಗಳನ್ನು ನುಂಗಿತ್ತು, ತುದಿಯ ಖಾಲಿ ಜಾಗ ಕತ್ತರಿಸಿತ್ತು. ಉಳಿದದ್ದನ್ನು ಬಿಡಿಸಲು ಬರುತ್ತಿರಲಿಲ್ಲ. ಆ ಕಾಯಿಲೆಗಳು ಬೇರೆ ಯಾವ ಪುಸ್ತಕದಲ್ಲೂ ಇರಲಿಲ್ಲ. ಮಂಗಳಗೌರಿ ಅತ್ತಳು. ವಾಸಪ್ಪನ ಹೊಟ್ಟೆ ತಣ್ಣಗಾಯಿತು.

ಈಗ ತನ್ನ ಕಾಲ ಬಂತೆಂದು ಅವನು ಮಂಗಳಗೌರಿಯ ಎದುರಿಗೇ ಡಾಕ್ಟರ ಮುಂದೆ ನಿಂತು ಎಲ್ಲ ವಿವರಿಸಿದ: ಒಂದೊಂದು ಗುರುತನ್ನೂ ಎರಡು ಮಾಮೂಲಿ ಅಕ್ಷರ ಮಾಡಬೇಕು, ಖಾನೆಯನ್ನು ಇಮ್ಮಡಿ ಉದ್ದ ಮಾಡಬೇಕು.

"ನಂಗೆ ಅವತ್ತೇ ಗೊತ್ತಾಗಿತ್ತು ಡಾಕ್ಟ್ರೇ," ಎಂದ, ಎದೆಯುಬ್ಬಿಸಿ.

ಡಾಕ್ಟರು ಕನ್ನಡಕ ತೆಗೆದರು. "ಗೊತ್ತಿದ್ದೂ ಸುಮ್ನಿದ್ರಾ ವಾಸಪ್ಪ?"

ಹದಿನೆಂಟು ವರ್ಷ ಅವರು ಮೆಚ್ಚಿದ್ದು ಅವನು ಸುಮ್ಮನಿರುವುದನ್ನೇ.

ಮರುದಿನದಿಂದ ಮಂಗಳಗೌರಿ ಅವನು ಹೇಳಿದಂತೆಯೇ ಎರಡೆರಡು ಅಕ್ಷರ ಮಾಡಿ ಇಡತೊಡಗಿದಳು. ಒಂದೂ ಕಳೆಯಲಿಲ್ಲ. ವಾಸಪ್ಪ ಆಗಾಗ ಅವಳ ಹಿಂದೆ ಬಂದು ನಿಲ್ಲುತ್ತಿದ್ದ. ಸರಿ ಉಂಟಾ ಎಂದು ಅವಳು ಮತ್ತೆ ಯಾವತ್ತೂ ಕೇಳಲಿಲ್ಲ.