ತಂಗಿಯ ಆಪರೇಷನ್ನಿಗೆ ಅಕ್ಕನ ಚೌಕಾಸಿ

ಹೇಳಿಕೊಳ್ಳಲು ನಾಚಿಕೆಯಾಗುವ ಜಾಗದ ನೋವನ್ನು ಹೆಂಗಸರು ಹಲ್ಲು ಕಚ್ಚಿ ಸಹಿಸುತ್ತಾರೆ. ಟೈಲರಕ್ಕನ ತಂಗಿಯೂ ಹಾಗೆಯೇ ಸಹಿಸಿದಳು. ಇಬ್ಬರು ಮಕ್ಕಳ ತಾಯಿ, ಸೈಕಲ್ ಮೇಲೆ ಮನೆಮನೆಗೆ ಪಾರ್ಸೆಲ್ ಮುಟ್ಟಿಸುವ ಕೆಲಸ. ಯೋನಿಯ ಒಳತುಟಿ, ಅಂದರೆ ಅಲ್ಲಿನ ಚರ್ಮದ ಮಡಿಕೆ, ಒಂದು ಬದಿಯಲ್ಲಿ ಉದ್ದವಾಗಿತ್ತು. ಸೀಟಿಗೆ ಉಜ್ಜಿ ಉಜ್ಜಿ ಉರಿ ಹತ್ತುತ್ತಿತ್ತು. ಕೊನೆಗೊಂದು ದಿನ ಅಕ್ಕನ ಅಂಗಡಿಗೆ ಬಂದು, ಗಿರಾಕಿಗಳೆಲ್ಲ ಹೋಗುವವರೆಗೆ ಬಟ್ಟೆ ರಾಶಿಯ ಹಿಂದೆ ನಿಂತಿದ್ದು, ಪಿಸುಗುಟ್ಟಿದಳು.

"ಅಕ್ಕಾ, ಕೂತ್ಕೊಳ್ಳೋಕೂ ಆಗ್ತಿಲ್ಲ. ಅದನ್ನ ಚಿಕ್ಕದು ಮಾಡೋ ಆಪರೇಷನ್ ಇದೆಯಂತೆ. ಲೇಬಿಯಾಪ್ಲಾಸ್ಟಿ ಅಂತಾರಂತೆ."

"ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ಯಾ ಹುಚ್ಚಿ? ಬಿಡು, ನಾನು ನೋಡ್ಕೋತೀನಿ."

ನೋಡಿಕೊಳ್ಳುವುದೆಂದರೆ ಟೈಲರಕ್ಕನ ಮಟ್ಟಿಗೆ ಚೌಕಾಸಿ ಮಾಡುವುದು. ನೂಲಿನುಂಡೆ, ಗುಂಡಿ, ಮಷಿನ್ ಎಣ್ಣೆ, ಯಾವುದನ್ನೂ ಅವಳು ಅಂಗಡಿಯವರು ಹೇಳಿದ ಬೆಲೆಗೆ ತಂದವಳಲ್ಲ. ಈಗಲೂ ಮೂರು ಕಡೆ ವಿಚಾರಿಸಿದಳು. ಮೂರೂ ಕಡೆ ಬೇರೆ ಬೇರೆ ರೇಟು. ದೊಡ್ಡ ಆಸ್ಪತ್ರೆಯದನ್ನು ಕೇಳಿ ಅವಳಿಗೆ ಮೈಯೆಲ್ಲ ಉರಿಯಿತು.

ಪಕ್ಕದ ಮನೆಯಲ್ಲಿ ಆಪರೇಷನ್ ಥಿಯೇಟರಿನ ನರ್ಸ್ ಒಬ್ಬರಿದ್ದರು. ಬೀದಿಗೆಲ್ಲ ಅವರು ಸಿಸ್ಟರ್. ಯೂನಿಫಾರ್ಮ್ ಹೊಲಿಸಲು ಬಂದವರನ್ನು ಟೈಲರಕ್ಕ ಹಿಡಿದು ನಿಲ್ಲಿಸಿದಳು.

"ಹೇಳಿ ಸಿಸ್ಟರ್, ಅದೇ ಜಾಗ, ಅದೇ ಕತ್ತರಿ. ಒಬ್ಬೊಬ್ಬರದು ಒಂದೊಂದು ರೇಟು. ಹಗಲು ದರೋಡೆ ಅಲ್ವಾ ಇದು?"

"ಮೊದಲು ಹೆಂಗಸರ ಡಾಕ್ಟರಿಗೆ ತೋರಿಸಮ್ಮ," ಎಂದರು ಸಿಸ್ಟರ್. "ಆಪರೇಷನ್ ಬೇಕಾ ಬೇಡವಾ ಅಂತ ಅವರು ಹೇಳಲಿ. ರೇಟು ಆಮೇಲೆ. ಒಂದೇ ಬದಿನಾ, ಎರಡೂನಾ, ಎಷ್ಟು ಹೊತ್ತು ಹಿಡಿಯುತ್ತೆ, ಅದರ ಮೇಲೆ ಹೋಗುತ್ತೆ. ಆ ಜಾಗ ಮಾತ್ರ ಮರಗಟ್ಟಿಸಿದ್ರೆ ಕಡಿಮೆ. ಪೂರ್ತಿ ಪ್ರಜ್ಞೆ ತಪ್ಪಿಸಬೇಕಾದ್ರೆ ಅದಕ್ಕೇ ಬೇರೆ ಡಾಕ್ಟರ್ ಬರ್ಬೇಕು, ಜಾಸ್ತಿ ಆಗುತ್ತೆ. ಸರ್ಜನ್ ಎಷ್ಟು ಪಳಗಿದವರು, ಥಿಯೇಟರ್ ಬಾಡಿಗೆ ಎಷ್ಟು, ಅದೂ ಸೇರುತ್ತೆ. ರಕ್ತ ಪರೀಕ್ಷೆ, ಔಷಧಿ, ಆಮೇಲೆ ಗಾಯ ತೋರಿಸೋಕೆ ಬರೋದು ಬೇರೆ. ಕೆಲವರು ಎಲ್ಲ ಸೇರಿಸಿ ಹೇಳ್ತಾರೆ. ಕೆಲವರು ಸರ್ಜನ್ ಫೀಸು ಮಾತ್ರ ಹೇಳಿ, ಮಿಕ್ಕಿದ್ದನ್ನ ಆಮೇಲೆ ತಲೆಗೆ ಕಟ್ತಾರೆ."

"ವಿಮೆಯವರು ಕೊಡಲ್ವಾ?"

"ಬರೀ ಅಂದಚೆಂದಕ್ಕೆ ಮಾಡಿಸೋದಾದ್ರೆ ಸಾಮಾನ್ಯವಾಗಿ ಕೊಡಲ್ಲ. ತೊಂದರೆ ಇದೆ ಅಂತ ಡಾಕ್ಟರ್ ಬರೆದುಕೊಟ್ರೆ ಕೊಡಬಹುದು. ಮೊದಲೇ ಕೇಳಿಕೊಳ್ಳಬೇಕು."

"ಆಸ್ಪತ್ರೆಯವರು ಆಸ್ಪತ್ರೆ ಪರವಾಗೇ ಮಾತಾಡೋದು," ಎಂದು ಸಿಸ್ಟರ್ ಅತ್ತ ಹೋದ ಮೇಲೆ ಟೈಲರಕ್ಕ ಮೂಗು ಮುರಿದಳು.

ಎಲ್ಲಕ್ಕಿಂತ ಕಡಿಮೆ ಹೇಳಿದ್ದು ಚಪ್ಪಲಿ ಅಂಗಡಿಯ ಮಹಡಿ ಮೇಲಿನ ಒಂದು ಬ್ಯೂಟಿ ಸೆಂಟರ್. ಕೌಂಟರಿನಲ್ಲಿದ್ದವನದು ಬೆಣ್ಣೆ ಸವರಿದಂಥ ಮಾತು. ಟೈಲರಕ್ಕ ಕುರ್ಚಿ ಎಳೆದು ಕೂತು, ಸಗಟು ಅಂಗಡಿಯಲ್ಲಿ ಕೂತಂತೆ ಶುರು ಮಾಡಿದಳು.

"ರಕ್ತ ಪರೀಕ್ಷೆ ಯಾಕೆ? ನನ್ ತಂಗಿ ಗುಂಡುಕಲ್ಲಿನ ಹಾಗಿದ್ದಾಳೆ, ತೆಗೀರಿ. ಆಮೇಲೆ ತೋರಿಸೋಕೆ ಬರೋದಕ್ಕೂ ದುಡ್ಡಾ? ಅದನ್ನೂ ತೆಗೀರಿ, ಪಕ್ಕದಲ್ಲೇ ಸಿಸ್ಟರ್ ಇದ್ದಾರೆ."

ಅವನು ನಗುನಗುತ್ತಲೇ ಒಂದೊಂದನ್ನೂ ತೆಗೆದ. ತೆಗೆಯಲು ಒಪ್ಪುವವನನ್ನು ಕಂಡು ಹೆದರಬೇಕಿತ್ತು, ಇವಳು ಹಿಗ್ಗಿದಳು. ಪಕ್ಕದಲ್ಲಿ ಕೂತಿದ್ದ ತಂಗಿ ಒಂದೇ ಒಂದು ಮಾತು ಕೇಳಿದಳು, "ಕತ್ತರಿಸೋದು ಯಾರು?"

"ನಮ್ಮ ಎಕ್ಸ್‌ಪರ್ಟ್ ಮೇಡಂ," ಎಂದ ಅವನು. ಡಾಕ್ಟರ್ ಎನ್ನಲಿಲ್ಲ. ಟೈಲರಕ್ಕ ಅದನ್ನು ಗಮನಿಸಲೂ ಇಲ್ಲ. ಮೆಟ್ಟಿಲಿಳಿಯುವಷ್ಟು ಹೊತ್ತೂ, "ಅರ್ಧಕ್ಕೆ ಇಳಿಸಿದೆ ನೋಡು!" ಎಂದು ಅವಳದು ಒಂದೇ ಸಂಭ್ರಮ.

ಆಪರೇಷನ್ ಆಗಿ ವಾರ ಕಳೆಯುವುದರೊಳಗೆ ಹೊಲಿಗೆ ಬಿಚ್ಚಿತು. ಕೀವು ಕಟ್ಟಿತು, ಜ್ವರ ಏರಿತು. ಫೋನ್ ಮಾಡಿದರೆ, "ಆಮೇಲೆ ತೋರಿಸೋದು ನಿಮ್ಮ ಪ್ಯಾಕೇಜಲ್ಲಿ ಇಲ್ಲ ಮೇಡಂ," ಎಂಬ ಉತ್ತರ ಬಂತು. ಅದನ್ನು ತೆಗೆಸಿದವಳೇ ಫೋನ್ ಹಿಡಿದು ನಿಂತಿದ್ದಳು. ಸಿಸ್ಟರ್ ಗಾಡಿ ಕರೆಸಿ ತಂಗಿಯನ್ನು ತಮ್ಮ ಆಸ್ಪತ್ರೆಗೆ ಕರೆದೊಯ್ದರು.

ಜ್ವರವೇನೋ ಇಳಿಯಿತು. ಹೆಂಗಸರ ಡಾಕ್ಟರ್ ಟೈಲರಕ್ಕನನ್ನೂ ತಂಗಿಯ ಗಂಡನನ್ನೂ ಕೂರಿಸಿಕೊಂಡು ಹೇಳಿದರು, "ಬೇಕಾದ್ದಕ್ಕಿಂತ ಜಾಸ್ತಿ ಕತ್ತರಿಸಿದ್ದಾರೆ. ಗಾಯದ ಕಲೆ ಎಳೀತಾ ಇದೆ. ಪೂರ್ತಿ ಮಾಗೋವರೆಗೆ ಮುಟ್ಟೋ ಹಾಗಿಲ್ಲ. ಇದನ್ನ ಸರಿ ಮಾಡೋದು ಕಷ್ಟ, ಖರ್ಚೂ ಹೆಚ್ಚು. ಮೊದಲಿನ ಹಾಗೆ ಆಗುತ್ತೆ ಅಂತ ನಾನು ಮಾತು ಕೊಡಲಾರೆ."

ಖರ್ಚು ಯಾಕೆ ಹೆಚ್ಚೆಂದು ಟೈಲರಕ್ಕ ಕೇಳಲಿಲ್ಲ. ಬೇರೆಯವರು ಕೆಡಿಸಿದ ಬಟ್ಟೆ ತಂದರೆ ಅವಳೂ ಹೆಚ್ಚೇ ಕೇಳುತ್ತಿದ್ದಳು. ಬಟ್ಟೆಯಲ್ಲಾದರೂ ಹೊಲಿಗೆಯ ಒಳಗೆ ಒಂದಿಷ್ಟು ಮಡಚಿಟ್ಟಿರುತ್ತಾರೆ, ಬಿಚ್ಚಿ ಸರಿ ಮಾಡಬಹುದು. ಮೈಯಲ್ಲಿ ಹಾಗೆ ಮಡಚಿಟ್ಟದ್ದು ಏನೂ ಇರುವುದಿಲ್ಲ. ಅವಳು ಬೇರೆಯದನ್ನೇ ಕೇಳಿದಳು.

"ಮೊದಲೇ ನಿಮ್ಮ ಹತ್ರ ಬಂದಿದ್ರೆ ಎಷ್ಟಾಗ್ತಿತ್ತು ಡಾಕ್ಟ್ರೇ?"

ಡಾಕ್ಟರ್ ಕೈಯಲ್ಲಿದ್ದ ಚೀಟಿ ಪಕ್ಕಕ್ಕಿಟ್ಟರು. "ಆ ಮಡಿಕೆ ಒಬ್ಬೊಬ್ಬರಿಗೆ ಒಂದೊಂದು ಥರ ಇರುತ್ತಮ್ಮ. ಎರಡು ಬದಿ ಸಮ ಇಲ್ಲದಿದ್ರೆ ಅದೇನೂ ರೋಗ ಅಲ್ಲ. ಎಷ್ಟೋ ಜನಕ್ಕೆ ಸೈಕಲ್ ಸೀಟು ಬದಲಾಯಿಸಿ, ಸಡಿಲ ಬಟ್ಟೆ ಹಾಕಿ, ಮುಲಾಮು ಹಚ್ಚಿದ್ರೆ ಸಾಕಾಗುತ್ತೆ. ಕೆಲವರಿಗೆ ಆಪರೇಷನ್ ಬೇಕೇ ಬೇಕು. ನಿಮ್ಮ ತಂಗಿಗೆ ಬೇಕಿತ್ತೋ ಇಲ್ಲವೋ, ಇನ್ನು ಯಾರಿಗೂ ಗೊತ್ತಾಗಲ್ಲ."

ಆ ಮಾತು ಟೈಲರಕ್ಕನ ಎದೆಗೆ ನಾಟಿತು. ಹೊರಗೆ ಬಂದ ಮೇಲೆ ತಂಗಿಯ ಗಂಡ ತಡವರಿಸುತ್ತ, "ಅತ್ತಿಗೆ, ಸರಿ ಮಾಡೋದನ್ನ ಎಲ್ಲಾದ್ರೂ ಕಡಿಮೆಗೆ..." ಎಂದ.

"ಬೇಡಪ್ಪಾ," ಎಂದು ಅವಳು ಕೈ ಮುಗಿದಳು. "ನಾನು ಇಳಿಸಿದ್ದು ರೇಟಲ್ಲ, ನಿನ್ನ ಹೆಂಡ್ತಿ ಜೀವಕ್ಕಿದ್ದ ಕಾವಲನ್ನೇ ತೆಗೆಸಿಬಿಟ್ಟೆ." ಅವನು ತಲೆ ತಗ್ಗಿಸಿ ಒಪ್ಪಿದ.

ತಿಂಗಳುಗಳ ನಂತರ ಗಾಯ ಮಾಗಿತು. ಮತ್ತೆ ಡಾಕ್ಟರರನ್ನು ಕಾಣುವ ದಿನ ಟೈಲರಕ್ಕ ಎಂದಿನಂತೆ ಮುಂದೆ ಹೆಜ್ಜೆ ಹಾಕಿದಳು. ತಂಗಿ ಅವಳ ತೋಳು ಹಿಡಿದು ನಿಲ್ಲಿಸಿದಳು. ದನಿಯಲ್ಲಿ ಕೋಪವಿರಲಿಲ್ಲ, ಅದರಿಂದಲೇ ಅಕ್ಕನಿಗೆ ಹೆಚ್ಚು ನೋವಾಯಿತು.

"ನೀನು ಇಲ್ಲೇ ಕೂತಿರು ಅಕ್ಕಾ. ಈ ಸಲ ನಾನೇ ಕೇಳ್ತೀನಿ."

ಬಾಗಿಲು ಮುಚ್ಚಿತು. ಟೈಲರಕ್ಕ ಬೆಂಚಿನ ಮೇಲೆ ಕೂತು ಅತ್ತಳು.

ಇದನ್ನು ಕೇಳುತ್ತಿರುವ ಅಕ್ಕತಂಗಿಯರೇ, ನಾಚಿಕೆ ಬಿಡಿ, ಮೊದಲು ಡಾಕ್ಟರಿಗೆ ತೋರಿಸಿ. ಆಪರೇಷನ್ ಬೇಕೇ ಬೇಕೆಂದರೆ, ಮಾಡುವವರು ಯಾರು, ಅವರು ಏನು ಓದಿದ್ದಾರೆ, ಹೇಳಿದ ಹಣದಲ್ಲಿ ಏನೇನು ಸೇರಿದೆ, ಹೆಚ್ಚುಕಮ್ಮಿಯಾದರೆ ನೋಡುವವರು ಯಾರು ಎಂದು ಬಾಯಿಬಿಟ್ಟು ಕೇಳಿ. ಕಡಿಮೆ ರೇಟು ಹೇಳಿದರೆ, ಏನನ್ನು ಬಿಟ್ಟು ಕಡಿಮೆ ಮಾಡಿದಿರಿ ಎಂದೂ ಕೇಳಿ. ಇದನ್ನೆಲ್ಲ ಟೈಲರಕ್ಕನೇ ಬಂದು ನಿಮಗೆ ಹೇಳಬೇಕಿತ್ತು. ಅವಳಿಗೆ ಇನ್ನೂ ಬಾಯಿ ಬರುತ್ತಿಲ್ಲ.