ಪೆನ್ನಿನ ಮುಚ್ಚಳ

"ಕುರ್ಚಿ ಎಲ್ಲಾ ಮುಂದೇನೇ ಹಾಕ್ಬೇಡ್ರೋ, ನಮ್ಮಕ್ಕ ಹಿಂದಿನ ಸಾಲಿನೋಳು!" ಎಂದು ಕೂಗುತ್ತ ಸೋದರಮಾವ ಎರಡು ಕುರ್ಚಿಗಳನ್ನು ಬಾಗಿಲ ಬಳಿಗೆ ಎಳೆದರು. ಅಳು ಒತ್ತರಿಸಿ ಬಂದಾಗಲೆಲ್ಲ ಅವರು ಹೀಗೆ ಯಾರನ್ನಾದರೂ ಗದರಿಸುತ್ತಿದ್ದರು.

ಮಾತೇನೋ ನಿಜವೇ. ಧರ್ಮಬೋಧಕರಾಗಲು ಬರುವವರಿಗೆ ಸಂಶೋಧನೆಯ ಕ್ರಮ ಕಲಿಸುತ್ತಿದ್ದ ಅವರ ಅಕ್ಕ, ವಿದ್ಯಾರ್ಥಿಗಳ ಪಾಲಿನ ಮೇಡಂ, ಊರಿನ ಪ್ರಾರ್ಥನಾ ಮಂದಿರಗಳನ್ನೆಲ್ಲ ಹಿಂದಿನ ಸಾಲಿನಲ್ಲಿ ಕೂತು ಟಿಪ್ಪಣಿ ಬರೆದುಕೊಳ್ಳುತ್ತಲೇ ನೋಡಿದವರು. ಮನೆಯಲ್ಲೂ ಅವರು ಕೈಮುಗಿದದ್ದನ್ನು ಯಾರೂ ಕಂಡಿರಲಿಲ್ಲ. ಈಗ ನಡುಮನೆಯಲ್ಲಿ ಅವರ ದೇಹವಿತ್ತು, ಮುಂದೇನು ಮಾಡುವುದೆಂದು ತೋಚದೆ ಮಗಳ ತಲೆ ಕೆಟ್ಟುಹೋಗಿತ್ತು.

"ಗಾಡಿ ಬರೋ ಹೊತ್ತಾಯ್ತು. ಪ್ರಾರ್ಥನೆ ಮಾಡಿಸ್ಬೇಕೋ ಬೇಡ್ವೋ, ಒಂದು ಹೇಳಮ್ಮ."

"ಅಮ್ಮ ನಂಬ್ತಿದ್ರೋ ಇಲ್ವೋ ನಂಗೇ ಗೊತ್ತಿಲ್ಲ ಮಾವ. ಕೇಳಿದ್ರೆ ನಕ್ಕುಬಿಡೋರು. ಇಲ್ಲದ್ದನ್ನ ಈಗ ಅವ್ರ ತಲೆಗೆ ಹೇಗೆ ಕಟ್ಲಿ?"

ಪಕ್ಕದಲ್ಲಿ ಧರ್ಮಬೋಧಕ ಪೆನ್ನು ಹಿಡಿದು ಕೂತಿದ್ದ. ಮೇಡಂನ ಹಳೆಯ ವಿದ್ಯಾರ್ಥಿ, ಇವತ್ತು ಅವರ ಬಗ್ಗೆ ನಾಲ್ಕು ಮಾತು ಆಡಬೇಕಾದವನು.

*

ಓದುವ ದಿನಗಳಲ್ಲಿ ಒಮ್ಮೆ, ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬಳನ್ನು ಮಾತಾಡಿಸಿ ಬಂದು, ಆ ಮಾತುಕತೆಯ ಬರಹವನ್ನು ಅವನು ಜಂಬದಿಂದ ಮೇಡಂ ಮುಂದಿಟ್ಟಿದ್ದ. ಒಂದು ಕಡೆ ಅವರ ಬೆರಳು ನಿಂತಿತು.

"ಇಲ್ಲಿ 'ಅತ್ತರು' ಅಂತ ಬರ್ದಿದೀಯ. ಆಗ ನೀನೇನ್ ಮಾಡ್ತಿದ್ದೆ?"

"ಬರ್ಕೊಳ್ತಿದ್ದೆ ಮೇಡಂ. ಒಂದಕ್ಷರಾನೂ ಬಿಡ್ಲಿಲ್ಲ."

"ಎದುರಿಗಿರೋರು ಅತ್ರೆ ಪೆನ್ನಿಗೆ ಮುಚ್ಚಳ ಹಾಕಪ್ಪ. ಇನ್ನೊಂದು, ದೇವರನ್ನ ನಂಬ್ತೀರಾ ಅಂತ ಯಾಕೆ ಕೇಳ್ದೆ? ಹಾಗೆ ಕೇಳಿದ್ರೆ ಜನ ನಿನಗೆ ಬೇಕಾದ್ದನ್ನೇ ಹೇಳ್ತಾರೆ. ಕಷ್ಟ ಬಂದಾಗ ಏನ್ ಮಾಡಿದ್ರಿ ಅಂತ ಕೇಳು."

ಅವನ ಮುಖ ಸಣ್ಣಗಾಯಿತು. ಮೇಡಂ ಎದ್ದುಹೋಗಿ ಅವನಿಗೆ ಚಹಾ ತಂದುಕೊಟ್ಟರು.

*

"ಅಕ್ಕ, ನಂಬಿಕೆ ಮಾತು ಬಿಡಿ," ಎಂದ ಬೋಧಕ. "ನಿಮಗೆ ಜ್ವರ ಬಂದಾಗ ಅಮ್ಮ ಏನ್ ಮಾಡ್ತಿದ್ರು?"

"ಏನ್ ಮಾಡ್ತಾರೆ? ಮಾತ್ರೆ ಕೊಡೋರು. ನುಂಗದಿದ್ರೆ ಬೈಯೋರು."

ಅವನು ಬರೆದುಕೊಂಡ. "ಆಮೇಲೆ?"

"ಆಮೇಲೆ ಹಣೆ ಮೇಲೆ ಕೈಯಿಟ್ಟು ಕೂತಿರೋರು. ನಂಗೆ ನಿದ್ದೆ ಬಂತು ಅಂದ್ಕೊಂಡು ಏನೋ ಪಿಸುಗುಡೋರು. ಏನಮ್ಮಾ ಅಂತ ಕಣ್ಣು ಬಿಟ್ರೆ, 'ನಿನ್ನ ಹತ್ರ ಅಲ್ಲ, ಮಲ್ಕೋ' ಅನ್ನೋರು..."

ಮಗಳ ಮಾತು ಅಲ್ಲಿಗೇ ನಿಂತಿತು. ತಾನು ಹೇಳಿದ್ದು ಈಗಷ್ಟೇ ಅವಳ ಕಿವಿಗೆ ಬಿದ್ದಿತ್ತು.

"ಪ್ರಾರ್ಥನೆ ಮಾಡ್ಸಿ ಮಾವ," ಎನ್ನುವಷ್ಟರಲ್ಲಿ, ಬೆಳಗಿನಿಂದ ಬಾರದಿದ್ದ ಅಳು ಉಕ್ಕಿ ಬಂತು.

ಮಾವ ಯಾರನ್ನೂ ಗದರಿಸಲಿಲ್ಲ. ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. ಬೋಧಕ ಅರ್ಧ ಬರೆದ ಸಾಲನ್ನು ಹಾಗೇ ಬಿಟ್ಟು, ಪೆನ್ನಿಗೆ ಮುಚ್ಚಳ ಹಾಕಿದ.